ಸಮಸ್ಯೆ: ಸುರಿವ ಮಳೆಯನು ಬೇಡವೆಂದನು ರೈತ ಕೈಮುಗಿದು

ಧಾರವಾಡದಿಂದ, ಸಮಸ್ಯೆ ಕೊಟ್ಟವರು:
ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು ಇದು, ಮೇಲಿನ ಐದು ಸಾಲು ಕಟ್ಟಿ ಪದ್ಯ ಪೂರ್ತಿ ಮಾಡುವುದು ನಿಮ್ಮ ಕೆಲಸ. ಕೋಳಿವಾಡದ ಕುಮಾರವ್ಯಾಸನ ಛಂದಸ್ಸು. ಮಾತ್ರೆ (ಅಕ್ಷರ ಉಚ್ಚರಿಸುವ ಕಾಲದ ಅಳತೆ) ತಪ್ಪಿದರೆ ಗದುಗಿನ ಕಡೆ ಮುಖ ತೋರಿಸುವ ಹಾಗಿಲ್ಲ! ಷರತ್ತು ಒಂದೇ. ರೈತನ ಹತಾಶೆ, ದುಡುಕು, ಅವಸರ ಮೂರೂ ಕಾಣಬೇಕು, ಆ ಮೂರು ಪದ ಮಾತ್ರ ಬರಬಾರದು.

ಗದಗದಿಂದ:
ಅರಳಿ ನಿಂತಿದೆ ಹತ್ತಿ ಹೊಲದಲಿ
ಊರ ಮಂದಿಯ ಕರೆದು ಬಂದನು...
ಎರಡು ಸಾಲಿಗೇ ಸುಸ್ತಾದೆ ಸರ್.

ಧಾರವಾಡದಿಂದ:
ಮೊದಲ ಸಾಲು ಚೆನ್ನಾಗಿದೆ. ಅರಳಿದ ಹತ್ತಿಗೆ ಮಳೆ ಬಿದ್ದರೆ ಮುಗಿಯಿತು. ಎರಡನೆಯದರಲ್ಲಿ ಮಾತ್ರೆಯ ಲೆಕ್ಕ 3+4+3+4 ಸರಿ ಇದೆ, ಪ್ರಾಸ ಕೆಟ್ಟಿದೆ. ಎರಡನೇ ಅಕ್ಷರ ರಕಾರ ಆದರೆ ಸಾಲದು, ಅದರ ಹಿಂದಿನದೂ ಹೊಂದಬೇಕು. 'ಸುರಿವ'ದ 'ಸು' ಲಘು (ಒಂದು ಮಾತ್ರೆ), 'ಅರಳಿ'ಯ 'ಅ' ಲಘು, ನಿಮ್ಮ 'ಊ' ಗುರು (ಎರಡು ಮಾತ್ರೆ).

ಹುಬ್ಬಳ್ಳಿಯಿಂದ:
ಮೂರಕ್ಕೂ ಸೇರಿ ಒಂದೇ ಪದ, 'ಕೈಚೆಲ್ಲಿದ' ಅನ್ನಬಹುದಾ? ಇಲ್ಲಾ 'ಎದ್ದೆನೋ ಬಿದ್ದೆನೋ'?

ಧಾರವಾಡದಿಂದ:
ಕೈಚೆಲ್ಲಿದವನು ಸುಮ್ನೆ ಕೂತುಬಿಡುತ್ತಾನೆ, ಅಲ್ವಾ? ಎದ್ದೆನೋ ಬಿದ್ದೆನೋ ಅಂದರೆ ಓಟ ಇದೆ, ಸೋಲಿಲ್ಲ. ಭಂಡಧೈರ್ಯ ಅನ್ನೋಣ ಅಂದರೆ ಅದರಲ್ಲಿ ಭಯವೇ ಇಲ್ಲ. ಮೂರನ್ನೂ ಹೊರುವ ಒಂದೇ ಪದ ನನಗಂತೂ ಹೊಳೆಯಲಿಲ್ಲ. ಅದಕ್ಕೇ ಪದ್ಯ ಕೇಳಿದ್ದು.

ಹಾವೇರಿಯಿಂದ:
ಹರಡಿ ಬಿಟ್ಟಿಹ ಕಣದ ಮೇಲಿನ
ಉರಿಯ ಬಣ್ಣದ ಮೆಣಸ ರಾಶಿಗೆ
ಕರಿಯ ಮೋಡವು ಕವಿದು ಬಂದಿತು ಮೂಡಗಾಳಿಯಲಿ
ಕೊರಳು ಹರಿವೊಲು ಕೂಗಿ ಓಡಿದ
ಹರಕು ತಟ್ಟನು ಎಳೆದು ಹೊಚ್ಚಿದ
ಸುರಿವ ಮಳೆಯನು ಬೇಡವೆಂದನು ರೈತ ಕೈಮುಗಿದು

ಧಾರವಾಡದಿಂದ:
ಅಕ್ಕಾರ, ಭೇಷ್! ವಿಸಂಧಿ (ಸಂಧಿ ಆಗಬೇಕಾದಲ್ಲಿ ಆಗದಿರುವುದು) ಮೂರು ಕಡೆ ಇದೆ, ಕಣ್ಣು ಮುಚ್ಚಿಕೊಂಡೆ. 'ಉರಿಯ ಬಣ್ಣ' ಸರಿಯಾಗಿ ಕೂತಿದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನೆನೆದರೆ ಆ ಬಣ್ಣ ಕೆಡುತ್ತದೆ, ಜೊತೆಗೆ ದರವೂ. ಆ ಹರಕು ತಟ್ಟು, ಅಂದರೆ ಗೋಣಿತಾಟು, ನೋಡಿ. ಕಣ ತುಂಬಾ ಇರುವ ರಾಶಿಯನ್ನು ಅದು ಎಷ್ಟು ಮುಚ್ಚೀತು? ಗೊತ್ತಿದ್ದೂ ಹೊಚ್ಚಿದ. ಹತಾಶೆ ಅಲ್ಲೇ ಸಿಕ್ಕಿತು ನನಗೆ.

ಹುಬ್ಬಳ್ಳಿಯಿಂದ:
ಅವಸರ ಸರಿ, ಹತಾಶೆ ಸರಿ. ದುಡುಕು ಎಲ್ಲಿದೆ ಅಕ್ಕಾರ?

ಹಾವೇರಿಯಿಂದ:
ಮೊದಲ ಸಾಲಿನಲ್ಲೇ ಇದೆಯಲ್ರೀ. ಮನೆಯಲ್ಲಿ ಒಂದು ತಾಡಪತ್ರಿ ಇಲ್ಲ, ಆದರೂ ಕಣ ತುಂಬಾ ಹರಡಿದ್ದಾನೆ. ನಮ್ಮಪ್ಪ ಪ್ರತಿ ವರ್ಷ ಇದನ್ನೇ ಮಾಡುತ್ತಿದ್ದರು.