ಅಪ್‌ಡೇಟ್: ಅಡಿಕೆ ತೋಟದ ಸರಾಸರಿ ಲೆಕ್ಕ ಬಗೆಹರಿಯಿತು

ಡಿಸರ್ಟೇಶನ್‌ಗೆ ತೀರ್ಥಹಳ್ಳಿ ಕಡೆ ಅಡಿಕೆ ತೋಟಗಳ ಸರ್ವೆ ಮಾಡಿದ್ದೆ. ಸರಾಸರಿ 4 ಎಕರೆ ಬರುತ್ತಿದೆ, ಆದರೆ ಹೆಚ್ಚಿನ ಮನೆಗಳಿಗೆ ಅಷ್ಟು ತೋಟವೇ ಇಲ್ಲ, ಎಲ್ಲಿ ತಪ್ಪಿದೆ ಎಂದು ಕೇಳಿದ್ದೆ.

ಲೆಕ್ಕ ತಪ್ಪಿರಲಿಲ್ಲ. ಮೀಡಿಯನ್ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಟ್ಟನಡುವೆ ಬರುವ ಸಂಖ್ಯೆ) ನೋಡಿ ಅಂದಿರಿ ಅಲ್ವಾ? ಒಂದು ಊರಿನ 5 ಮನೆ ತೆಗೆದುಕೊಂಡೆ: 1, 1, 2, 2, 14 ಎಕರೆ. ಮೀನ್ (ಅಂದರೆ ಸರಾಸರಿ) 4, ಮೀಡಿಯನ್ 2. ಒಂದೇ ದೊಡ್ಡ ತೋಟ ಸರಾಸರಿಯನ್ನು ಮೇಲಕ್ಕೆ ಎಳೆದಿತ್ತು. ಔಟ್‌ಲೈಯರ್ (ಉಳಿದವುಗಳಿಂದ ತೀರಾ ದೂರ ಇರುವ ಸಂಖ್ಯೆ) ಎಂದು ಅದನ್ನು ಸುಮ್ನೆ ತೆಗೆದುಹಾಕಲು ಮನಸ್ಸು ಬರಲಿಲ್ಲ. ಆ ತೋಟದಲ್ಲಿ ನಾನೇ ನಡೆದಾಡಿ ಬಂದಿದ್ದೇನೆ. ಎರಡೂ ಸಂಖ್ಯೆ ಬರೆದೆ, ಗೈಡ್ ಒಪ್ಪಿದರು.

ಈಗ ಕಾಡುತ್ತಿರುವುದು ಸ್ಯಾಂಪಲ್, ಅಂದರೆ ಸರ್ವೆಗೆ ಆರಿಸಿಕೊಂಡ ಮನೆಗಳು. ನಾನು ಹೋದದ್ದು ಬಸ್ ರಸ್ತೆ ಪಕ್ಕದ ಮನೆಗಳಿಗೆ ಮಾತ್ರ. ಕಾಡಿನಂಚಿನ ಒಂಟಿ ಮನೆಗಳು ಬಿಟ್ಟೇ ಹೋಗಿವೆ. ಮಳೆ ಕಡಿಮೆಯಾದ ಮೇಲೆ, ಪಟ್ಟಿಯಿಂದ ಚೀಟಿ ಎತ್ತಿ ಆರಿಸಿದ ಮನೆಗಳಿಗೆ ಹೋಗುತ್ತೇನೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.