ಬೆಂಗಳೂರಿಗೆ ಹೊಸಬ, ಬಜೆಟ್ 25,000: ಮೊದಲ ರೋಡ್ ಸೈಕಲ್ ಹೇಗೆ ಆರಿಸಲಿ?

ಕೆಲಸ ಸಿಕ್ಕಿ ಶಿವಮೊಗ್ಗದಿಂದ ಯಲಹಂಕಕ್ಕೆ ಬಂದಿದ್ದೇನೆ. ಊರಲ್ಲಿ ಓಡಿಸಿದ್ದು ಗೇರಿಲ್ಲದ ಮಾಮೂಲಿ ಸೈಕಲ್. ಇಲ್ಲಿ ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ಕಡೆ ಹೋಗುವವರನ್ನು ನೋಡಿ ನನಗೂ ಆಸೆಯಾಗಿದೆ. 25,000 ರೂಪಾಯಿ ಮೀರುವ ಹಾಗಿಲ್ಲ. ಎಲ್ಲಿ ಹುಡುಕಲಿ, ಏನೇನು ನೋಡಿ ತಗೊಳ್ಳಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

*

ಈ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಅಲ್ಯೂಮಿನಿಯಂ ಫ್ರೇಮಿನದ್ದೇ ತಗೊಳ್ಳಿ. ಹುಮ್ಮಸ್ಸಿನಲ್ಲಿ ಕೊಂಡು ಆಮೇಲೆ ಬಾಲ್ಕನಿಯಲ್ಲಿ ನಿಲ್ಲಿಸಿದ ಸೈಕಲ್‌ಗಳು ಈ ಊರಲ್ಲಿ ಬೇಕಾದಷ್ಟಿವೆ. ಕೆಲಸ ಬದಲಾಗಿ ಊರು ಬಿಡುವವರೂ ಮಾರುತ್ತಾರೆ. ಓಎಲ್‌ಎಕ್ಸ್ ನೋಡಿ, ಆದರೆ ಸೈಕಲ್ ಬಳಗಗಳ ವಾಟ್ಸಾಪ್ ಗುಂಪುಗಳ ಮೇಲೆ ನನಗೆ ನಂಬಿಕೆ ಹೆಚ್ಚು. ಮಾರುವವರ ಜೊತೆ ಓಡಿಸಿದವರು ಅಲ್ಲೇ ಇರುತ್ತಾರೆ, ಸೈಕಲ್ ಬಿದ್ದಿದೆಯಾ ಎದ್ದಿದೆಯಾ ಅವರಿಗೆ ಗೊತ್ತಿರುತ್ತದೆ. ಡೆಕಾಥ್ಲಾನ್ ಅಂಗಡಿಯವರ ಟ್ರೈಬನ್ ರೋಡ್ ಸೈಕಲ್ ಸಿಕ್ಕರೆ ಬಿಡಿಭಾಗಕ್ಕೆ ಅಷ್ಟಾಗಿ ಪರದಾಡಬೇಕಿಲ್ಲ.

ಅಳತೆಯಲ್ಲಿ ಮಾತ್ರ ರಾಜಿ ಬೇಡ. 5 ಅಡಿ 7 ಇಂಚಿನವರಿಗೆ 54 ಸೆಂ.ಮೀ. ಆಸುಪಾಸಿನ ಫ್ರೇಮ್ ಹೊಂದುತ್ತದೆ, ಆದರೆ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದರಿಂದ ಕೂತು ಓಡಿಸಿಯೇ ತೀರ್ಮಾನ ಮಾಡಿ. ಎಷ್ಟೇ ಅಗ್ಗವಾದರೂ ದೊಡ್ಡ ಫ್ರೇಮ್ ತಂದರೆ ಕುತ್ತಿಗೆ, ಸೊಂಟ ಎರಡೂ ಹಿಡಿದುಕೊಳ್ಳುತ್ತವೆ.

ನೋಡೋಕೆ ಹೋಗುವಾಗ ಒಂದು ಸ್ಟೀಲ್ ಟೇಪ್ ಇಟ್ಟುಕೊಳ್ಳಿ. ಚೈನಿನ ಒಂದು ಪಿನ್ನಿನ ನಡುವಿಗೆ ಸೊನ್ನೆ ಇಟ್ಟು ಅಳೆಯಿರಿ. ಹೊಸ ಚೈನಾದರೆ 12 ಇಂಚಿನ ಗೆರೆಗೆ ಸರಿಯಾಗಿ ಇನ್ನೊಂದು ಪಿನ್ ಬರುತ್ತದೆ. ಅದು 1/16 ಇಂಚು ಆಚೆ ಸರಿದಿದ್ದರೆ ಚೈನ್ ಬದಲಿಸಬೇಕು. 1/8 ಇಂಚು ಸರಿದಿದ್ದರೆ ಹಿಂದಿನ ಕ್ಯಾಸೆಟ್ಟೂ (ಹಲ್ಲಿನ ಗೇರ್ ಚಕ್ರಗಳ ಗೊಂಚಲು) ಸವೆದಿದೆ ಅಂತಲೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಹ್ಯಾಂಡಲ್ ಕೆಳಗೆ ಫ್ರೇಮಿನ ಕೊಳವೆಗಳು ಕೂಡುವ ಜಾಗದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ, ಕೂದಲೆಳೆಯಷ್ಟು ಬಿರುಕು ಕಂಡರೆ, ಚೌಕಾಸಿನೇ ಮಾಡಬೇಡಿ, ವಾಪಸ್ ಬನ್ನಿ. ಬೋಲ್ಟ್ ಸಡಿಲಿಸಿ, ಸೀಟಿನ ಕಂಬ ಸಿಕ್ಕಿಕೊಳ್ಳದೆ ಮೇಲೆ ಕೆಳಗೆ ಸರಿಯುತ್ತದಾ ನೋಡಿ. ಪೆಡಲ್ ಅಚ್ಚಿನ ಅಡಿಯಲ್ಲಿ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತದೆ; ಅದರ ಫೋಟೋ ತೆಗೆದು ಬಿಲ್ ಕೇಳಿ. ಕದ್ದ ಸೈಕಲ್ ನಮ್ಮ ಮನೆಗೆ ಬರಬಾರದು.

*

ಮೇಲಿನವರು ಹೇಳಿದ್ದೆಲ್ಲ ಸರಿ. 25,000ವನ್ನೂ ಸೈಕಲ್‌ಗೇ ಸುರಿಯಬೇಡಿ ಅಂತ ನಾನು ಸೇರಿಸುತ್ತೇನೆ. ನಾಲ್ಕೈದು ಸಾವಿರ ಬೇರೆ ಇಡಿ. ಹೆಲ್ಮೆಟ್, ಮುಂದೆ ಹಿಂದೆ ಲೈಟು, ಬೀಗ, ಪಂಪ್, ಎರಡು ಟ್ಯೂಬ್ ಬೇಕೇ ಬೇಕು. ರೋಡ್ ಸೈಕಲ್‌ಗಳಲ್ಲಿ ಹೆಚ್ಚಾಗಿ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರುತ್ತದೆ. ಅದರ ತುದಿಯ ಪುಟ್ಟ ತಿರುಪು ಸಡಿಲಿಸಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ, ಪೆಟ್ರೋಲ್ ಬಂಕಿನ ಪೈಪ್ ಕೂರುವುದಿಲ್ಲ. ಬೆರಳ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಒಂದು ಚೀಲದಲ್ಲಿರಲಿ. ಬೀದಿಯ ಪಂಕ್ಚರ್ ಅಂಗಡಿಯಲ್ಲಿ ನಿಮ್ಮ ಅಳತೆಯ ಟ್ಯೂಬ್ ಸಿಗುವುದು ಕಷ್ಟ, ಹಾಗಾಗಿ ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಕಲಿತುಬಿಡಿ. ನಮ್ಮ ಗುಂಡಿಗಳಿಗೆ 23 ಎಂಎಂ ಟೈರ್ ಸಾಲದು. ಫ್ರೇಮ್, ಬ್ರೇಕುಗಳ ನಡುವೆ ಜಾಗ ಇದ್ದರೆ 28 ಹಾಕಿಸಿ.

ಶುರುವಿಗೆ ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಅವತ್ತು ಒಳಗೆ ವಾಹನ ಬಿಡುವುದಿಲ್ಲ. ಬಾಗಿದ ಹ್ಯಾಂಡಲ್‌ನಲ್ಲಿ ಬ್ರೇಕ್ ಹಿಡಿಯುವುದು, ಗೇರ್ ಬದಲಿಸುವುದು ಕೈಗೆ ಬಂದ ಮೇಲೆ ಬಳ್ಳಾರಿ ರಸ್ತೆಗಿಳಿಯಿರಿ. ಅಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಗಳು ಬರುವ ವೇಗಕ್ಕೆ ಹೊಸಬರ ಕೈ ನಡುಗುತ್ತದೆ.

*

ನಾ ಜಮಖಂಡಿ ಕಡೆಯಾಂವ. ವಿಜಯಪುರ, ಬಾಗಲಕೋಟೆ ಕಡೆ ರೇಸ್ ಸೈಕಲ್ ಹುಚ್ಚು ಭಾಳ ಐತ್ರಿ, ಹಂಗಾಗಿ ಒಂದ್ ಮಾತ್ ಹೇಳ್ತೀನಿ. ಹಳೇ ರೇಸ್ ಸೈಕಲ್ ಸೋವಿ ಸಿಗ್ತಾವ, ಖರೇ. ಆದ್ರ ಅದರಾಗ ಪೆಡಲ್ ಕಡೆ ಇರೂ ಎರಡು ಗೇರ್ ಚಕ್ರದಾಗ 53, 39 ಹಲ್ಲ ಇರ್ತಾವ. ಸಪಾಟ ದಾರಿಗೆ ಅದು ಛಲೋ, ನಂದಿ ಏರಾಕ ಹೊಸಬರಿಗೆ ಆಗೂದಿಲ್ಲ. ಬುಡದಿಂದ ಏಳು ಕಿಲೋಮೀಟರಕ್ಕಿಂತ ಹೆಚ್ಚಿಗಿ ಏರ ಐತಿ, ತುದಿಗೆ ಹೋದಂಗ ತಿರುವು ಇನ್ನಾ ಕಡಕ್ ಆಗ್ತಾವ. ಮುಂದ 50, 34 ಹಲ್ಲ, ಹಿಂದ ದೊಡ್ಡ ಗೇರ್ ಚಕ್ರಕ್ಕ 28 ಹಲ್ಲಿನ ಮ್ಯಾಲ ಇದ್ದದ್ದು ಹುಡುಕ್ರಿ. ಇಳಿಯೂ ಮುಂದ ಮಂಜಿಗೆ ರಸ್ತೆ ಹಸಿ ಇರ್ತದ, ಬ್ರೇಕ್ ಪ್ಯಾಡ್ ಸವೆದಿದ್ರ ಕೊಂಡ ದಿನಾನ ಹೊಸಾವು ಹಾಕಸ್ರಿ.