ಪದಚರ್ಚೆ: ‘ಒಂದು ಕಪ್ಪು ಚಹಾ’ ಎಂದರೆ ಯಾವ ಚಹಾ?

ಪ್ರಶ್ನೆ:

ನಾಲ್ಕು, ಐದನೇ ತರಗತಿಯ ಮಕ್ಕಳಿಗಾಗಿ ಎ2 ಅಳತೆಯ (420 × 594 ಮಿ.ಮೀ.) ಒಂದು ಭಿತ್ತಿಚಿತ್ರ ಸಿದ್ಧವಾಗುತ್ತಿದೆ. ಎಡಕ್ಕೆ ಚಹಾದ ಪಾತ್ರೆಪಡಗ, ಬಲಕ್ಕೆ ಚಹಾ ಕೊಡುವಾಗ, ಕುಡಿಯುವಾಗ ನಡೆದುಕೊಳ್ಳುವ ಬಗೆ. ಇಂಗ್ಲಿಷ್ ಮಾದರಿ ನೋಡಿ ಬರೆದ ಕರಡಿನಲ್ಲಿ ತಲೆಬರಹ ‘ಚಹಾ ಶಿಷ್ಟಾಚಾರ’. ಪಾತ್ರೆಗಳ ಹೆಸರು ‘ಕಪ್ಪು’, ‘ತಟ್ಟೆ’, ‘ಕೆಟಲ್’, ‘ಜರಡಿ’, ‘ಲೋಟ’. ಸೂಚನೆಗಳು: ‘ಕಪ್ಪಿಗೆ ಚಹಾ ಸುರಿಯಿರಿ’, ‘ಆರಿಸಿ ಕುಡಿಯಿರಿ’, ‘ಬೇಡವಾದರೆ ಇಲ್ಲ, ಧನ್ಯವಾದಗಳು ಎನ್ನಿ’. ಎಲ್ಲ ಕಡೆಯ ಮಕ್ಕಳಿಗೂ ಅರ್ಥವಾಗಬೇಕು. ಯಾವುದು ಉಳಿಯಬಹುದು, ಯಾವುದನ್ನು ತಿದ್ದಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ:

‘ಕಪ್ಪು’ ಮೊದಲು ಹೋಗಲಿ. ‘ಒಂದು ಕಪ್ಪು ಚಹಾ’ ಎಂದರೆ ಒಂದು ಕಪ್ಪಿನಷ್ಟು ಚಹಾ ಎಂದೂ ಆಯಿತು, ಹಾಲು ಹಾಕದ ಚಹಾ ಎಂದೂ ಆಯಿತು. ಮಾತಿನಲ್ಲಾದರೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಗೋಡೆಯ ಮೇಲೆ ಬಿಳಿ ಪಿಂಗಾಣಿಯ ಚಿತ್ರ ಬರೆದು ಕೆಳಗೆ ‘ಕಪ್ಪು’ ಎಂದು ಬರೆದರೆ ಮಕ್ಕಳು ನಗದೆ ಬಿಡುವುದಿಲ್ಲ. ಚಿತ್ರದ ಕೆಳಗೆ ‘ಕಪ್’ ಎಂದು ಅರ್ಧಾಕ್ಷರದಲ್ಲೇ ನಿಲ್ಲಿಸಿ. ವಿಭಕ್ತಿ ಹತ್ತಿದಾಗ ‘ಕಪ್ಪಿಗೆ’, ‘ಕಪ್ಪಿನಲ್ಲಿ’ ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಾಲಿಲ್ಲದ್ದನ್ನು ‘ಹಾಲಿಲ್ಲದ ಚಹಾ’ ಎಂದೇ ಬರೆಯಿರಿ. ಕರಾವಳಿಯಲ್ಲಿ ಅದು ‘ಕಣ್ಣ ಚಾ’, ಆದರೆ ಆ ಹೆಸರು ಘಟ್ಟದ ಮೇಲಿನ ಮಕ್ಕಳಿಗೆ ತಿಳಿಯಲಾರದು.

‘ತಟ್ಟೆ’ಯೂ ಸಲ್ಲದು. ತಟ್ಟೆ ಎಂದೊಡನೆ ಊಟ, ತಿಂಡಿ ನೆನಪಾಗುತ್ತವೆ. ಇದಕ್ಕೆ ‘ಬಸಿ’ ಎಂಬ ಒಳ್ಳೆಯ ಪದವಿದೆ. ಹಳೆ ಮೈಸೂರಿನ ಕಡೆ ‘ಸಾಸರ್’ ರೂಢಿ, ಬೇಕಾದರೆ ಚಿಕ್ಕ ಅಕ್ಷರದಲ್ಲಿ ಕೆಳಗೆ ಇರಲಿ. ಬಸಿಯ ನಡುವೆ ಕಪ್ಪಿನ ಬುಡ ಕೂರುವ ತಗ್ಗು ಇರುತ್ತದೆ. ಚಿತ್ರಕಾರರು ಅದನ್ನು ಮರೆತರೆ ಬಸಿ ಹೋಗಿ ತಟ್ಟೆಯೇ ಆಗುತ್ತದೆ.

‘ಕೆಟಲ್’ ಎಂದು ಹೆಸರಿಟ್ಟು ಪಿಂಗಾಣಿಯ ಟೀಪಾಟ್ ಬರೆಯುವುದು ಮಾಮೂಲಿ ತಪ್ಪು. ಕೆಟಲ್ ಒಲೆಯ ಮೇಲೆ ಕೂರುವ ಲೋಹದ ಪಾತ್ರೆ. ಟೀಪಾಟ್ ಒಲೆ ಏರುವುದಿಲ್ಲ. ಅದರೊಳಗೆ ಸೊಪ್ಪಿಗೆ ಬಿಸಿನೀರು ಬಿಟ್ಟು ಮುಚ್ಚಿಡುತ್ತಾರೆ. ಎರಡನ್ನೂ ಪಕ್ಕಪಕ್ಕ ಬರೆದು ಭಾಗಗಳನ್ನು ಗುರುತಿಸಿ: ಮೂತಿ, ಮುಚ್ಚಳ, ಹಿಡಿ. ಟೀಪಾಟಿನ ಮುಚ್ಚಳದಲ್ಲಿ ಒಂದು ಸಣ್ಣ ತೂತು ಇರುತ್ತದೆ, ಅದನ್ನು ಬಿಡಬೇಡಿ. ಚಹಾ ಹೊರಗೆ ಬರಬೇಕಾದರೆ ಒಳಗೆ ಗಾಳಿ ಹೋಗಬೇಕು. ತೂತು ಮುಚ್ಚಿದ್ದರೆ ಧಾರೆ ಗುಳುಗುಳು ಎಂದು ತಡೆತಡೆದು ಬಂದು ಬಸಿಯೆಲ್ಲ ಚೆಲ್ಲುತ್ತದೆ.

‘ಜರಡಿ’ ಹಿಟ್ಟಿಗೆ. ದ್ರವವನ್ನು ನಾವು ಜರಡಿ ಹಿಡಿಯುವುದಿಲ್ಲ, ಸೋಸುತ್ತೇವೆ. ಅನ್ನದ ಗಂಜಿಯನ್ನು ಬಸಿಯುತ್ತೇವೆ. ಹಾಗಾಗಿ ‘ಸೋಸುವ ಜಾಲರಿ’ ಎಂದರೆ ಸಾಕು, ಕೆಲಸವೂ ಹೆಸರಲ್ಲೇ ಬಂತು.

‘ಸುರಿ’ಯಲ್ಲಿ ಅಳತೆ ಇಲ್ಲ. ಮಳೆ ಸುರಿಯುತ್ತದೆ, ಮೂಟೆಯಿಂದ ರಾಗಿ ಸುರಿಯುತ್ತೇವೆ. ಹಳೆ ಮೈಸೂರಿನಲ್ಲಿ ‘ಬಗ್ಗಿಸು’, ಬೇರೆಡೆ ‘ಹೊಯ್ಯು’. ಎಲ್ಲರಿಗೂ ಒಪ್ಪುವಂತೆ ‘ಕಪ್ಪಿಗೆ ಮುಕ್ಕಾಲು ಬರುವಷ್ಟು ಹಾಕಿ’ ಎನ್ನಿ. 150 ಮಿ.ಲೀ. ಹಿಡಿಯುವ ಕಪ್ಪಿಗೆ ಸುಮಾರು 110 ಮಿ.ಲೀ.; ಅಂಚಿನವರೆಗೆ ತುಂಬಿದರೆ ಎತ್ತುವಾಗಲೇ ತುಳುಕಿ ಕೈ ಸುಡುತ್ತದೆ. ‘ಆರಿಸಿ ಕುಡಿಯಿರಿ’ ಎಂದರೆ ಹತ್ತರಲ್ಲಿ ಒಂದನ್ನು ಆಯ್ದುಕೊಂಡು ಕುಡಿಯಿರಿ ಎಂದಂತೆಯೂ ಕೇಳುತ್ತದೆ. ‘ಬಿಸಿ ಆರಿದ ಮೇಲೆ ಕುಡಿಯಿರಿ’ ಎಂದರೆ ಆ ಕಾಟವಿಲ್ಲ.

‘ಲೋಟ’ ಉಳಿಯಲಿ, ಆದರೆ ಕರಡಿನಲ್ಲಿ ಒಂದು ಮುಖ್ಯ ಜೋಡಿ ತಪ್ಪಿಹೋಗಿದೆ: ‘ಎತ್ತಿ ಕುಡಿ’, ‘ಕಚ್ಚಿ ಕುಡಿ’. ಇಂಗ್ಲಿಷ್ ಮಾದರಿಯಲ್ಲಿ ಇದು ಸಿಗುವುದಿಲ್ಲ, ಏಕೆಂದರೆ ಎಂಜಲಿನ ಲೆಕ್ಕ ನಮ್ಮದು. ಸ್ಟೀಲ್ ಲೋಟದ ಅಂಚು ಹೊರಕ್ಕೆ ಮಡಿಚಿರುವುದರಿಂದ ತುಟಿಗೆ ತಾಗಿಸದೆ ಎತ್ತಿ ಕುಡಿಯಬಹುದು, ಬಿಸಿಯಿದ್ದಾಗ ಅಂಚನ್ನೇ ಹಿಡಿಯಲೂಬಹುದು. ಕಪ್ಪಿನಲ್ಲಿ ಎತ್ತಿ ಕುಡಿಯಹೋದರೆ ಮೈಮೇಲೆ ಬೀಳುತ್ತದೆ. ಅದು ಕಚ್ಚಿ ಕುಡಿಯಲೆಂದೇ ಆದ ಪಾತ್ರೆ.

‘ಇಲ್ಲ, ಧನ್ಯವಾದಗಳು’ ಬರಿಯ ಅನುವಾದ. ‘ಚಹಾ ಕುಡಿಯುತ್ತೀರಾ?’ ಎಂದವರಿಗೆ ‘ಇಲ್ಲ’ ಎಂದರೆ ನನಗೆ ಚಹಾದ ಅಭ್ಯಾಸವೇ ಇಲ್ಲ ಎಂದೂ ಆಗಬಹುದು. ‘ಬೇಡ’ ಸರಿಯಾದ ಪದ. ಒಂಟಿಯಾಗಿ ನಿಂತರೆ ಒರಟು. ‘ಬೇಡ, ಈಗಷ್ಟೇ ಆಯ್ತು’ ಎಂದರೆ ಮನೆಯವರಿಗೂ ನೋವಿಲ್ಲ. ಎರಡನೇ ಸಲ ಹಾಕಲು ಬಂದಾಗ ‘ಸಾಕು’.

ತಲೆಬರಹದ ‘ಶಿಷ್ಟಾಚಾರ’ ಸರ್ಕಾರಿ ಸಮಾರಂಭದ ವಾಸನೆಯದು. ‘ಉಪಚಾರ’ ಕೊಡುವವರಿಗಷ್ಟೇ ಸಲ್ಲುತ್ತದೆ. ‘ಚಹಾ ಕೊಡುವ ರೀತಿ, ಕುಡಿಯುವ ರೀತಿ’ ಎಂದಿಡಿ.

ಧಾರವಾಡದ ಕಡೆಯಿಂದ ಒಂದು ಸೇರ್ಪಡೆ:

ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಆದರೆ ‘ಬಸಿ’ ನಮ್ಮ ಕಡೆ ‘ಬಶಿ’; ಮರಾಠಿಯಲ್ಲೂ ‘ಕಪ್‌ಬಶಿ’ ಎನ್ನುತ್ತಾರೆ. ಅನ್ನ ಬಸಿಯುವುದಕ್ಕೂ ಇದಕ್ಕೂ ನಂಟು ಹೆಣೆದು ಮಕ್ಕಳಿಗೆ ಹೇಳಬೇಡಿ. ಬಶಿಗೆ ಹೊಯ್ದುಕೊಂಡು ಕುಡಿಯುವುದರ ಮೇಲೆ ಕೆಂಪು ಅಡ್ಡಗೆರೆಯನ್ನಂತೂ ಎಳೆಯಲೇಬೇಡಿ. ತೆಳ್ಳಗೆ ಹರಡಿದ ಚಹಾಕ್ಕೆ ಗಾಳಿ ಹೆಚ್ಚು ತಾಗಿ ಬೇಗ ಆರುತ್ತದೆ. ಇದು ಜಾಣತನ, ಅಸಭ್ಯತೆ ಅಲ್ಲ. ಮನೆಯಲ್ಲಿ ಅಜ್ಜ ಮಾಡುವುದನ್ನೇ ಶಾಲೆಯ ಗೋಡೆ ತಪ್ಪೆಂದರೆ ಮಗು ಯಾರನ್ನು ನಂಬಬೇಕು?

‘ಚಹಾ’ ಕನ್ನಡ, ‘ಟೀ’ ಇಂಗ್ಲಿಷ್ ಎಂಬ ಜಗಳವೂ ಬೇಡ. ಎರಡೂ ಚೀನಾದವೇ: ‘ಟೀ’ಯ ಬೇರು ಫೂಜಿಯನ್ ಕರಾವಳಿಯ ‘ತೆ’, ಡಚ್ ವ್ಯಾಪಾರಿಗಳ ಮೂಲಕ ಯುರೋಪಿಗೆ ಹೋದದ್ದು, ‘ಚಾ’, ‘ಚಾಯ್’, ‘ಚಹಾ’ ಇವುಗಳ ಬೇರು ಇನ್ನುಳಿದ ಚೀನೀ ನುಡಿಗಳ ‘ಚಾ’.

ಚಿತ್ರದಲ್ಲಿ ಕೊಡುವವರು ಬಶಿಯನ್ನು ಬಲಗೈಯಲ್ಲಿ ಹಿಡಿದಿರಬೇಕು, ಕಪ್ಪಿನ ಕಿವಿ ತೆಗೆದುಕೊಳ್ಳುವವರ ಬಲಗೈ ಕಡೆಗಿರಬೇಕು. ಪುಟಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಚಿತ್ರವನ್ನು ಎಡಬಲ ತಿರುಗಿಸಿಬಿಟ್ಟರೆ ಎಲ್ಲರೂ ಎಡಚರಾಗುತ್ತಾರೆ, ನೋಡಿಕೊಳ್ಳಿ. ‘ಕಪ್‌ಬಸಿ’ ಎಂದು ಕೂಡಿಸಿ ಬೆರಳಚ್ಚಿಸುವಾಗ ನಡುವೆ ಒತ್ತಕ್ಷರ ತಡೆಯುವ ಕೀಲಿ ಒತ್ತದಿದ್ದರೆ ‘ಕಪ್ಬಸಿ’ ಮೂಡುತ್ತದೆ. ‘ಕಪ್-ಬಸಿ’ ಎಂದು ಅಡ್ಡಗೆರೆ ಇಟ್ಟರೆ ಆ ರಗಳೆ ಇಲ್ಲ, ಬಣ್ಣದ ಗೊಂದಲವೂ ಇಲ್ಲ. ‘ಮುಚ್ಚಳ’, ‘ಸಕ್ಕರೆ’ಗಳ ಒತ್ತುಗಳು ಕೆಳಕ್ಕೆ ಇಳಿಯುವುದರಿಂದ ಹೆಸರಿಗೂ ಗುರುತಿನ ಗೆರೆಗೂ ನಡುವೆ ಅರ್ಧ ಅಕ್ಷರದಷ್ಟು ಜಾಗ ಬಿಡಿ.